ನಮ್ಮ ಭಾವ ಖಾಯಂ ಆದದ್ದು

ಈ ಪರದೇಶದಲ್ಲಿ ನಮ್ಮ ಭಾವನಿಗೂ ಅಕ್ಕನಿಗೂ ಖಾಯಂ ನಿವಾಸಿಗಳೆಂಬ ಕಾರ್ಡು ಬಂದ ದಿನ, ಮನೆಯಲ್ಲಿ ಸಂತೋಷ ನೆಲೆಸಿದ್ದು ಹೆಚ್ಚೆಂದರೆ ಒಂದು ಲೋಟ ಕಾಫಿ ಆರುವಷ್ಟು ಹೊತ್ತು. ಆಮೇಲೆ ಭಾವ ಕನ್ನಡಕ ಹಾಕಿಕೊಂಡರು. ಕನ್ನಡಕ ಹಾಕಿಕೊಂಡು ಓದಿದ ಯಾವುದರಿಂದಲೂ ನಮ್ಮ ಭಾವನಿಗೆ ಈವರೆಗೆ ನೆಮ್ಮದಿ ಸಿಕ್ಕಿಲ್ಲ.

“ಲೋ, ಇಲ್ಲಿ ಬಾ. ಏನು ಬರೆದಿದೆ ಓದು.”

“ಖಾಯಂ ನಿವಾಸಿ,” ಎಂದೆ.

“ಅದರ ಕೆಳಗೆ?”

“ನಿಮ್ಮ ಹೆಸರು.”

“ಅದರ ಕೆಳಗೆ ಕಣೋ!”

ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಕಾರ್ಡಿನ ಅವಧಿ ಮುಗಿಯುವ ದಿನಾಂಕವಿತ್ತು.

“ಖಾಯಂ ಅಂದ್ಮೇಲೆ ಮುಗಿಯೋದು ಹೇಗೋ?” ಎಂದು ಭಾವ ಕಾರ್ಡನ್ನು ಬೆಳಕಿಗೆ ಹಿಡಿದರು. “ಹಾಲಿನ ಪ್ಯಾಕೆಟ್ ಮೇಲೆ ಹಾಕೋ ಹಾಗೆ ಹಾಕಿದಾರಲ್ಲ! ಇದರಲ್ಲಿ ಏನೋ ಇದೆ.”

ಭಾವನನ್ನು ನೀವು ತಪ್ಪು ತಿಳಿಯಬಾರದು. ಕೆಲಸದಲ್ಲಿ ಅವರು ಗಟ್ಟಿಗರು. ರೈಲು ನಿಲ್ದಾಣದ ಮೆಟ್ಟಿಲ ಕೆಳಗೆ ಅವರದೊಂದು ಗೂಡಂಗಡಿ. ಒಳಗೆ ಒಬ್ಬರು ನಿಂತರೆ ಇನ್ನೊಬ್ಬರು ಬೀದಿಯಲ್ಲೇ ನಿಲ್ಲಬೇಕು. ಅಲ್ಲಿ ಬೀಗ ರಿಪೇರಿ, ಬೀಗದ ಕೈಗೆ ನಕಲು. ಸಂಜೆ ಮನೆಗೆ ಬಂದಾಗ ಅವರ ಹುಬ್ಬಿನ ಮೇಲೆಲ್ಲ ಹಿತ್ತಾಳೆ ಪುಡಿ. ಊರಿನವರ ಬಾಗಿಲನ್ನೆಲ್ಲ ತೆಗೆದುಕೊಡುವ ಈ ಮನುಷ್ಯ ತಾನು ಮಾತ್ರ ಇಷ್ಟು ವರ್ಷ ಹೊಸ್ತಿಲ ಮೇಲೇ ಬದುಕಿದರು. ಅಕ್ಕ ಗೋಡೆಗೊಂದು ಮೊಳೆ ಹೊಡೆಯುತ್ತೇನೆಂದರೆ, “ನಾಳೆ ಕಳಿಸಿಬಿಟ್ರೆ ಮೊಳೆ ಕಿತ್ಕೊಂಡು ಹೋಗ್ತೀಯಾ?” ಸೋಫಾ ಅಂದರೆ, “ತಲೆ ಮೇಲೆ ಹೊತ್ಕೊಂಡು ವಿಮಾನ ಹತ್ತೋಣ.” ಹೀಗಾಗಿ ಮನೆಯಲ್ಲಿದ್ದದ್ದು ಮಡಚುವ ಮೇಜು, ಮಡಚುವ ಕುರ್ಚಿ, ಮಡಚುವ ಮಂಚ. ಮಡಚಿಡಲು ಬಾರದ ಸಾಮಾನೆಂದರೆ ನಾನೊಬ್ಬನೇ. ಬಟ್ಟೆ ಒಗೆಯುವ ಅಂಗಡಿಯೊಂದರಲ್ಲಿ ಇಸ್ತ್ರಿ ಹಾಕಿಕೊಂಡು, ರಾತ್ರಿ ಅವರ ನಡುಮನೆಯಲ್ಲಿ ಬಿದ್ದುಕೊಳ್ಳುವ ಭಾವಮೈದುನ. ನನಗಿನ್ನೂ ವರ್ಷ ವರ್ಷಕ್ಕೂ ನವೀಕರಿಸುವ ವೀಸಾ. ಅಂದರೆ ಹಂಗಾಮಿ.

ಈ ಹಂಗಾಮಿ ಎಂಬ ಮಾತು ಕೇಳಿದರೆ ಭಾವ ಬೆಚ್ಚಿಬೀಳುವುದಕ್ಕೆ ಕಾರಣವಿದೆ. ಅವರ ಅಪ್ಪ ಒಂದು ಸರ್ಕಾರಿ ಕಚೇರಿಯಲ್ಲಿ ಹಂಗಾಮಿ ಗುಮಾಸ್ತರು. ಬಿಟ್ಟೂಬಿಡದೆ ಕೆಲಸ ಮಾಡಿದವರನ್ನು ಖಾಯಂ ಮಾಡುತ್ತೇವೆ ಎಂದು ಆದೇಶ ಹೊರಟ ವರ್ಷವೇ ಭಾವ ಹುಟ್ಟಿಬಿಟ್ಟರು. ಅಪ್ಪ ಮಗನ ಮುಖ ನೋಡಲು ಒಂದು ವಾರ ರಜೆ ಹಾಕಿದರು. ವಾಪಸು ಬಂದಾಗ ಮೇಲಿನವರು, “ಛೆ, ನಿಮ್ಮ ಸರ್ವಿಸ್ ಬ್ರೇಕ್ ಆಗೋಯ್ತಲ್ರೀ,” ಅಂದರು. ಅಲ್ಲಿಂದ ನಿವೃತ್ತಿಯವರೆಗೂ ಹಂಗಾಮಿಯೇ. ಮನೆಯಲ್ಲಿ ಊಟಕ್ಕೆ ಉಪ್ಪು ಹೆಚ್ಚಾದರೂ ಸರಿ, ಕೊಡೆ ಕಳೆದರೂ ಸರಿ, “ಇವನು ಹುಟ್ಟಿದ್ದಕ್ಕೇ ನನ್ನ ಸರ್ವಿಸ್ ಬ್ರೇಕ್ ಆಯ್ತು” ಎಂಬಲ್ಲಿಗೆ ಮಾತು ಬಂದು ನಿಲ್ಲುತ್ತಿತ್ತು. ಆ ಮಾತು ಕೇಳುತ್ತ ಬೆಳೆದ ಹುಡುಗ ದೊಡ್ಡವನಾಗಿ ರಜೆ ಅಂದರೆ ರೋಗ ಎಂಬಂತೆ ಹೆದರಿದ್ದು ಸಹಜವೇ.

ಅಕ್ಕನಿಗೆ ಇದು ಯಾವುದರ ಪರಿವೆಯೂ ಇಲ್ಲ. ಅವಳು ಕಾರ್ಡನ್ನು ಓದಲೇ ಇಲ್ಲ. ನೇರವಾಗಿ ಹೋಗಿ ಮಂಚದ ಕೆಳಗಿನ ಸೂಟ್‌ಕೇಸ್ ಎಳೆದಳು.

“ರೀ, ಟಿಕೆಟ್ ನೋಡ್ಲಾ?”

ನಮ್ಮ ತಂಗಿಗೆ ದಿನ ತುಂಬುತ್ತ ಬಂದಿತ್ತು. ಮೊದಲ ಹೆರಿಗೆ. ಅರ್ಜಿ ಹಾಕಿ ಕಾಯುವಾಗ ದೇಶ ಬಿಟ್ಟರೆ ಒಳಗೆ ಬಿಡುತ್ತಾರೋ ಇಲ್ಲವೋ ಎಂದು ಹೆದರಿ, ಮದುವೆಯಾದ ಮೇಲೆ ಅಕ್ಕ ಒಂದು ಸಲವೂ ತವರಿನ ಮುಖ ಕಂಡಿರಲಿಲ್ಲ. ಹಿಂದಿನ ವಾರವಷ್ಟೇ ಅಮ್ಮ ಫೋನಿನಲ್ಲಿ ಗುಡುಗಿದ್ದಳು. “ಕಾರ್ಡು ಬರಲಿ ಕಾರ್ಡು ಬರಲಿ ಅಂತ ತಂಗಿ ಮದುವೆಗೂ ಬರಲಿಲ್ಲ. ಈಗ ಬಾಣಂತನಕ್ಕೂ ಬರದೆ ಇದ್ರೆ ಆ ಕಾರ್ಡನ್ನೇ ತೊಟ್ಟಿಲಲ್ಲಿ ಹಾಕಿ ತೂಗ್ಕೋ!”

“ಟಿಕೆಟ್ಟಾ?” ಭಾವ ಸೂಟ್‌ಕೇಸಿನ ಮೇಲೆ ಕೂತುಬಿಟ್ಟರು. “ಈಗ ತಾನೆ ಖಾಯಂ ಮಾಡಿದಾರೆ. ಬಂದ ತಕ್ಷಣ ರಜೆ ಹಾಕಿದ್ರೆ ಏನಂದ್ಕೊಳ್ತಾರೆ?”

“ಯಾರು?”

“ಅವರು!”

ಈ ‘ಅವರು’ ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

“ಸರ್ವಿಸ್ ಬ್ರೇಕ್ ಆಗುತ್ತೆ ಕಣೇ!”

“ಬೀಗದ ಅಂಗಡಿಗೆ ಯಾವ ಸರ್ವಿಸ್ ರೀ?”

“ಅಂಗಡಿದಲ್ಲ, ನಿವಾಸದ್ದು!”

“ಹಾಗಿದ್ರೆ ಕಾರ್ಡು ಕೊಟ್ಟ ಆಫೀಸಿಗೆ ಹೋಗಿ ಕೇಳ್ಕೊಂಡು ಬರೋಣ ನಡೀರಿ.”

“ಕೇಳೋದಾ? ಇಲ್ಲದ ಯೋಚನೆ ಅವರ ತಲೆಗೆ ನಾವೇ ಹಾಕಿದ ಹಾಗಾಗುತ್ತೆ. ತಿಳಿದವರ ಹತ್ರ ಕೇಳೋಣ.”

ತಿಳಿದವರೆಂದರೆ ನಮ್ಮ ಮೇಲಿನ ಮಹಡಿಯ ಅನುಭವಸ್ಥರು. ಇದು ನಾವಿಟ್ಟ ಹೆಸರು. ಟ್ಯಾಕ್ಸಿ ಓಡಿಸುತ್ತಾರೆ, ನಮ್ಮ ಭಾಷೆಯವರು, ಒಂಟಿ. ಖಾಯಂ ಆಗಿ ಯಾವ ಕಾಲವೋ ಆಯಿತು. ಹಲ್ಲುನೋವಾಗಲಿ, ಹವಾಮಾನವಾಗಲಿ, “ನನ್ನ ಅನುಭವದಲ್ಲಿ” ಎಂದೇ ಶುರು ಮಾಡುತ್ತಾರೆ. ಒಮ್ಮೆ ಅಕ್ಕನಿಗೆ ಬಸುರಿಯರ ಬೆನ್ನುನೋವಿನ ಬಗ್ಗೆ ಕೂಡ ತಮ್ಮ ಅನುಭವ ಹೇಳಿದ್ದರು.

ಮೂವರೂ ಮೇಲೆ ಹತ್ತಿದೆವು. ಅನುಭವಸ್ಥರು ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

“ನನ್ನ ಅನುಭವದಲ್ಲಿ,” ಎಂದರು, “ಖಾಯಂ ಅಂದ್ರೆ ಖಾಯಂ. ಇರ್ತೀನಿ ಅಂತ ಒಪ್ಕೊಂಡು ತಗೊಂಡಿದೀಯ. ಹೋದೆ ಅಂದ್ರೆ ಇರಲಿಲ್ಲ ಅಂತಾಯ್ತು.”

“ಸ್ವಲ್ಪ ದಿನಕ್ಕೆ ಹೋದ್ರೆ?” ಅಕ್ಕ ಕೇಳಿದಳು.

“ಸ್ವಲ್ಪ ಸತ್ರೆ?”

ಭಾವ ಗೋಡೆ ಹಿಡಿದುಕೊಂಡರು.

“ಬಂದು ನೋಡ್ತಾರೆ ಬೇರೆ,” ಅನುಭವಸ್ಥರು ದನಿ ತಗ್ಗಿಸಿದರು. “ಯಾವಾಗ ಬರ್ತಾರೆ ಹೇಳಲ್ಲ. ಯಾವ ವೇಷದಲ್ಲಿ ಅಂತಾನೂ ಹೇಳಲ್ಲ.”

“ನೀವು ಒಂದ್ಸಲಾನೂ ಹೋಗಿಲ್ವಾ ಅಣ್ಣ?”

“ಕಾರ್ಡು ಬಂದ್ಮೇಲೆ ಆ ಕಡೆ ತಲೆ ಹಾಕಿಲ್ಲ ತಂಗಿ. ಅದಕ್ಕೇ ನೋಡು, ಇವತ್ತಿಗೂ ಖಾಯಂ.” ಹೀಗೆಂದು ಎದೆ ಉಬ್ಬಿಸಿದರು. ಕಪಾಟಿನ ಮೇಲೆ ಅವರ ತಾಯಿಯ ಹಾರ ಹಾಕಿದ ಫೋಟೋ ಇತ್ತು. ಅದರ ಗಾಜಿನ ಮೇಲಿನ ಧೂಳನ್ನು ಮಾತಿನ ನಡುವೆ ತೋಳಿನಿಂದ ಒರೆಸಿದರು.

ಕೆಳಗಿಳಿದು ಬಂದೆವು. ಸೂಟ್‌ಕೇಸನ್ನು ಅಕ್ಕ ವಾಪಸು ತಳ್ಳಲಿಲ್ಲ. ಅದು ನಡುಮನೆಯ ಮಧ್ಯದಲ್ಲಿ ಬಾಯಿ ತೆರೆದುಕೊಂಡು ಬಿದ್ದಿತ್ತು; ನಾವು ಮೂವರೂ ಅದನ್ನು ದಾಟಿಕೊಂಡು ಓಡಾಡಿದೆವು.

ಮರುದಿನದಿಂದ ಭಾವ ಖಾಯಂ ಆಗತೊಡಗಿದರು. ಅದನ್ನು ಕಣ್ಣಾರೆ ಕಂಡವನು ನಾನು. ಮೊದಲು ಗೋಡೆ ತುಂಬ ಮೊಳೆ ಹೊಡೆದರು. ತೂಗುಹಾಕಲು ಮನೆಯಲ್ಲಿ ಒಂದು ಕ್ಯಾಲೆಂಡರ್ ಬಿಟ್ಟು ಬೇರೇನೂ ಇಲ್ಲ. “ಇರಲಿ, ನೋಡಿದವರಿಗೆ ಗೊತ್ತಾಗ್ಲಿ,” ಎಂದರು. ಮಡಚುವ ಮಂಚದ ಕಾಲುಗಳನ್ನು ನೆಲಕ್ಕೆ ಸ್ಕ್ರೂ ಹಾಕಿ ಬಿಗಿದರು. ಅದು ನನ್ನ ಮಂಚ. ಅದು ಅರ್ಧ ಮಡಚಿದಂತೆಯೇ ಖಾಯಂ ಆಯಿತು. ಅಲ್ಲಿಂದ ನಾನು ಮಲಗಿದ್ದೂ ಹಾಗೆಯೇ. ಹಳೆಯ ಬೀಗ ಹಂಗಾಮಿ ಬೀಗದಂತೆ ಕಾಣುತ್ತದೆಂದು ಮುಂಬಾಗಿಲಿಗೆ ಅಂಗೈಯಗಲದ ಹೊಸ ಬೀಗ ಕೂರಿಸಿದರು. ಮೂವರಲ್ಲಿ ಒಬ್ಬರಾದರೂ ಸದಾ ಮನೆಯಲ್ಲಿರಬೇಕೆಂದು ಪಾಳಿ ಹಾಕಿದರು. ಭಾವನ ಪಾಳಿಯ ಹೊತ್ತಿನಲ್ಲಿ ಗೂಡಂಗಡಿ ಮುಚ್ಚಿರುತ್ತಿತ್ತು. ಮನೆಯ ಬೀಗದ ಕೈ ಕಳೆದುಕೊಂಡವರು ಅದರೆದುರು ನಿಂತು ಬೈದುಕೊಳ್ಳುತ್ತಿದ್ದರು.

“ರೀ, ತಂಗಿಗೆ ಕಾಲು ಊದಿದೆಯಂತೆ,” ಎಂದಳು ಅಕ್ಕ ಒಂದು ಸಂಜೆ. ಅವಳು ಬೇಕರಿಯಲ್ಲಿ ಕೆಲಸ ಮಾಡುತ್ತಾಳೆ. ಅಲ್ಲಿ ಅವಳಿಗೆ ಕೇಳಿದ ಕೂಡಲೇ ರಜೆ ಸಿಕ್ಕಿತ್ತು. “ಅಕ್ಕ ಯಾವಾಗ ಬರ್ತಾಳೆ ಅಂತ ದಿನಾ ಕೇಳ್ತಾಳಂತೆ. ನಾನೇನು ಹೇಳ್ಲಿ?”

ಭಾವ ಸ್ಕ್ರೂಡ್ರೈವರ್ ಕೆಳಗಿಟ್ಟರು. “ನನಗೆ ಮಾತ್ರ ಇಷ್ಟಾನೇನೇ? ನೀನು ಹೋಗಿ, ಅವರು ವಾಪಸ್ ಬಿಡದೆ ಇದ್ರೆ? ನೀನಲ್ಲಿ, ನಾನಿಲ್ಲಿ. ಭಯ ಆಗುತ್ತೆ ಕಣೇ.”

ಆ ಮಾತಿಗೆ ಅಕ್ಕ ಬೈಯಲಾರದೆ ಹೋದಳು.

ಶನಿವಾರ ಮಧ್ಯಾಹ್ನ ‘ಅವರು’ ಬಂದೇಬಿಟ್ಟರು. ಬಾಗಿಲು ತಟ್ಟಿದವನು ದಪ್ಪ ಬೂಟಿನ, ಕಿವಿಗೆ ಪೆನ್ಸಿಲ್ ಸಿಕ್ಕಿಸಿದ ಒಬ್ಬ ಮನುಷ್ಯ. ಕೈಯಲ್ಲಿ ಅಳತೆಪಟ್ಟಿ. “ಒಳಗೆ ಬಂದು ನೋಡಬಹುದಾ?” ಎಂದ. ಭಾವ ನನ್ನ ಕಡೆ ತಿರುಗಿ, “ವೇಷ ನೋಡಿದ್ಯೇನೋ!” ಎಂದು ಪಿಸುಗುಟ್ಟಿ, ಅವನನ್ನು ಬೀಗರನ್ನು ಎದುರುಗೊಳ್ಳುವಂತೆ ಒಳಗೆ ಕರೆತಂದರು. ಅಕ್ಕ ಸೂಟ್‌ಕೇಸಿನ ಮೇಲೆ ಕಂಬಳಿ ಎಸೆದಳು.

ಅವನು ಕಿಟಕಿ ಅಳೆದ. ಭಾವ ಅವನ ಹಿಂದೆಯೇ ಸುತ್ತಿದರು. ಇಲ್ಲಿಯವರ ಭಾಷೆ ಭಾವನಿಗೆ ಬೀಗದ ವ್ಯಾಪಾರಕ್ಕೆ ಸಾಕಾಗುವಷ್ಟು ಬರುತ್ತದೆ. ಹೆದರಿದಾಗ ಅದರಲ್ಲೂ ಅರ್ಧ ಮರೆಯುತ್ತದೆ.

“ನಾವು ಖಾಯಂ,” ಎಂದರು.

“ಒಳ್ಳೇದು,” ಎಂದ ಅವನು.

“ಇಲ್ಲಿಂದ ಒಂದು ದಿನಕ್ಕೂ ಹೋಗೋದಿಲ್ಲ. ಮಂಚ ನೋಡಿ, ಅಲ್ಲಾಡಿಸಿ ನೋಡಿ!”

ಅವನು ಮಂಚ ಅಲ್ಲಾಡಿಸಿದ. ಅದು ಅಲ್ಲಾಡಲಿಲ್ಲ. ಗೋಡೆಯ ಮೊಳೆಗಳನ್ನು ನೋಡಿದ.

“ಬೀಗವೂ ಹೊಸದು,” ಭಾವ ಹೆಮ್ಮೆಯಿಂದ ಹೇಳಿದರು. “ಇನ್ನು ನಮ್ಮನ್ನ ಇಲ್ಲಿಂದ ಯಾರೂ ಎಬ್ಬಿಸೋಕಾಗಲ್ಲ. ಸರ್ಕಾರವೇ ಕೊಟ್ಟಿದೆ.”

ಆ ಮನುಷ್ಯ ಅಳತೆಪಟ್ಟಿ ಸುತ್ತಿಕೊಂಡು, ಬಾಗಿಲವರೆಗೂ ಹಿಂದೆ ಹಿಂದೆ ಹೆಜ್ಜೆಯಿಡುತ್ತ ಹೋದ. ಭಾವ ಉಸಿರು ಬಿಟ್ಟು ಕೂತರು. “ಪಾಸಾದ್ವಿ ಅನ್ಸುತ್ತೆ ಕಣೇ.”

ಸ್ವಲ್ಪ ಹೊತ್ತಿಗೆ ಮುಂಬಾಗಿಲಲ್ಲಿ ಕಿರಕಿರ ಸದ್ದು. ಯಾರೋ ಹೊರಗಿನಿಂದ ಬೀಗದ ಕೈ ತಿರುಗಿಸಲು ಹೆಣಗುತ್ತಿದ್ದರು. ತೆರೆದರೆ ಮನೆಯ ಯಜಮಾನಿ. ಕೆಳಮಹಡಿಯಲ್ಲಿರುವ ವಯಸ್ಸಾದ ಹೆಂಗಸು. ಮೂರು ಮಹಡಿಯೂ ಆಕೆಯದೇ. ಹೊಸ ಕಿಟಕಿ ಹಾಕಿಸಲು ಅಳತೆಗೆ ಆ ಮನುಷ್ಯನನ್ನು ಕಳಿಸಿದ್ದು ಆಕೆ. ಈಗ ಆಕೆಯ ಕೈಯಲ್ಲಿ ತನ್ನ ಬೀಗದ ಕೈ. ಆಕೆಯ ಹಿಂದೆ, ಸಾಕ್ಷಿಗೆಂಬಂತೆ, ಆ ಮನುಷ್ಯ.

“ನನ್ನ ಮನೆ ಬಾಗಿಲಿಗೆ ನನ್ನ ಕೀಲಿ ಹಿಡಿಯುತ್ತಿಲ್ಲ!” ಆಕೆ ಬೀಗದ ಕೈಯನ್ನು ಭಾವನ ಮೂಗಿನೆದುರು ಹಿಡಿದಳು. “ವಾರದಿಂದ ತಲೆ ಮೇಲೆ ಸುತ್ತಿಗೆ ಸದ್ದು ಕೇಳುತ್ತಿದ್ದೇನೆ. ಸರ್ಕಾರ ನಿಮಗೆ ನನ್ನ ಮನೆ ಕೊಟ್ಟಿತಂತಾ?”

“ಖಾಯಂ ಮಾಡಿದಾರೆ ಅಷ್ಟೇ,” ಎಂದರು ಭಾವ ವಿನಯದಿಂದ.

“ಯಾರು?”

“ಅವರು.”

ಯಜಮಾನಿ ಎದೆ ಹಿಡಿದುಕೊಂಡಳು. ಅಕ್ಕ ಓಡಿಹೋಗಿ ನೀರು ತಂದಳು. ಗಲಾಟೆ ಕೇಳಿ ಅನುಭವಸ್ಥರು ಮೇಲಿನಿಂದ ಇಳಿದು ಬಂದು, “ನನ್ನ ಅನುಭವದಲ್ಲಿ” ಎಂದು ಶುರು ಮಾಡಿದರು. ಯಜಮಾನಿ ಅವರ ಕಡೆ ತಿರುಗಿ, “ನೀವೂ ಖಾಯಂ ತಾನೆ? ಹಾಗಾದರೆ ಮೇಲಿನ ಮಹಡಿಯೂ ಹೋಯಿತಾ!” ಎಂದು ಚೀರಿದಳು. ನಾನು ಎಷ್ಟು ಹೇಳಿದರೂ ಆಕೆ ನಂಬಲಿಲ್ಲ. ಸರ್ಕಾರದವರ ಬಾಯಿಂದಲೇ ಕೇಳಬೇಕು, ಇಲ್ಲವಾದರೆ ತಿಂಗಳೊಳಗೆ ಮನೆ ಖಾಲಿ ಮಾಡಬೇಕು ಎಂದಳು.

“ಮನೆ ಖಾಲಿನಾ?” ಭಾವನ ಮುಖ ಬಿಳಿಚಿತು. “ನಿವಾಸವೇ ಹೋದ್ರೆ ಇನ್ನೆಲ್ಲಿಯ ಖಾಯಂ ನಿವಾಸಿ!”

ಅಕ್ಕ ಸೂಟ್‌ಕೇಸಿನ ಮೇಲಿನ ಕಂಬಳಿ ತೆಗೆದು ಮಡಚಿಟ್ಟಳು. “ಸಾಕು ರೀ. ಸೋಮವಾರ ಎಲ್ಲರೂ ಆಫೀಸಿಗೆ ಹೋಗ್ತಿದೀವಿ. ಅವರು ಇಲ್ಲ ಅಂದ್ರೆ ಇಲ್ಲ. ನಿಮ್ಮ ಮಾತು ಕೇಳ್ತಾ ಕೂತ್ರೆ ನನ್ನ ತಂಗಿ ಹೆತ್ತೂ ಆಗುತ್ತೆ.”

ಸೋಮವಾರ ಅನುಭವಸ್ಥರ ಟ್ಯಾಕ್ಸಿಯಲ್ಲಿ ನಾವೆಲ್ಲ ಹೊರಟೆವು. ಯಜಮಾನಿ ಮುಂದೆ, ನಾವು ಮೂವರು ಹಿಂದೆ. ನಿವಾಸಿಗಳ ಕಚೇರಿಯಲ್ಲಿ ಟೋಕನ್ ತೆಗೆದುಕೊಂಡು ಕೂತೆವು. ಪ್ರತಿ ಸಲ ಗಂಟೆ ಹೊಡೆದಾಗಲೂ ಭಾವ ಎದ್ದು ನಿಲ್ಲುತ್ತಿದ್ದರು. ಕೊನೆಗೆ ನಮ್ಮ ಸರದಿ ಬಂತು. ಗಾಜಿನ ಹಿಂದೆ ನೆಗಡಿಯಾದ ಒಬ್ಬ ಅಧಿಕಾರಿಣಿ, ಮೂಗು ಒರೆಸಿಕೊಳ್ಳುತ್ತ ಏನು ಬೇಕೆಂದು ಕೇಳಿದಳು.

ಭಾವ ಕೈಕಟ್ಟಿ ನಿಂತರು. “ರಜೆ ಮಂಜೂರು ಮಾಡಬೇಕು ಮೇಡಂ. ನನ್ನ ಹೆಂಡತಿಗೆ.”

“ಅವರ ಕೆಲಸದ ಜಾಗದಲ್ಲಿ ಕೇಳಿ.”

“ಅಲ್ಲಿ ಸಿಕ್ಕಿದೆ. ಇದು ನಿವಾಸಕ್ಕೆ ರಜೆ.”

ಅಧಿಕಾರಿಣಿ ಮೂಗು ಒರೆಸುವುದನ್ನು ನಿಲ್ಲಿಸಿದಳು. “ನಿವಾಸಕ್ಕೆ ರಜೆಯಾ?”

“ಬ್ರೇಕ್ ಆಗದ ಹಾಗೆ.”

ಯಜಮಾನಿ ಸಂದಿಯಲ್ಲಿ ತಲೆ ತೂರಿಸಿದಳು. “ಮೊದಲು ನನಗೆ ಹೇಳಿ. ಇವರು ನನ್ನ ಮನೆಯಲ್ಲಿ ಖಾಯಮ್ಮೋ ಹೇಗೆ?”

“ಮನೆ ನಿಮ್ಮದಾದರೆ ನಿಮ್ಮದೇ. ಇವರು ದೇಶದಲ್ಲಿ ಖಾಯಂ,” ಎಂದಳು ಅಧಿಕಾರಿಣಿ. ಯಜಮಾನಿ ದೇವರೇ ಎಂದು ಬೆಂಚಿನ ಮೇಲೆ ಕುಸಿದಳು.

ಅಕ್ಕ ಗಂಡನನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿ ಮುಂದೆ ಬಂದಳು. “ನೋಡಿ, ನನ್ನ ತಂಗಿಗೆ ಹೆರಿಗೆ. ನಾನು ಇಲ್ಲಿಂದ ಹೋಗೋದಲ್ಲ, ಹೋಗಿ ಬರೋದು. ನಮ್ಮ ಭಾಷೇಲಿ ಮನೆ ಬಿಡುವಾಗ ಹೋಗ್ತೀನಿ ಅನ್ನೋದೇ ಇಲ್ಲ, ಹೋಗಿ ಬರ್ತೀನಿ ಅಂತೀವಿ. ಹಾಗೆ ಹೋಗಿ ಬಂದ್ರೆ ತಪ್ಪಾ?”

“ತಪ್ಪೇನು? ಎಷ್ಟು ಸಲ ಬೇಕಾದರೂ ಹೋಗಿ ಬನ್ನಿ. ವರ್ಷಗಟ್ಟಲೆ ಆ ಕಡೆಯೇ ಉಳಿದುಬಿಟ್ಟರೆ ಮಾತ್ರ ನಾವು ಕೇಳುತ್ತೇವೆ.”

“ಮತ್ತೆ ಈ ದಿನಾಂಕ?” ಭಾವ ಕಾರ್ಡನ್ನು ಗಾಜಿಗೆ ಒತ್ತಿದರು.

“ಅದು ಕಾರ್ಡಿನದು. ಹಳೆಯದಾದಾಗ ಹೊಸ ಕಾರ್ಡು ಕೊಡುತ್ತೇವೆ. ಕಾರ್ಡಿಗೆ ವಯಸ್ಸಾಗುತ್ತದೆ, ನಿಮ್ಮ ಹಕ್ಕಿಗಲ್ಲ.”

ಭಾವ ಗಾಜಿಗೆ ಹಣೆ ಹಚ್ಚಿ ನಿಂತರು. ಅಕ್ಕನ ಕಣ್ಣಲ್ಲಿ ನೀರು ಬಂತು. ಇಷ್ಟಕ್ಕೆ ಮುಗಿಯಿತೆಂದು ನಾನು ಹೊರಡುವಾಗ, ಈತನಕ ಹಿಂದೆ ನಿಂತಿದ್ದ ಅನುಭವಸ್ಥರು ಕಿಟಕಿಯ ಬಳಿ ಬಗ್ಗಿದರು.

“ಇದು ಈಚೆಗೆ ಬದಲಾಯಿತಾ ಮೇಡಂ?”

“ಇಲ್ಲ, ಮೊದಲಿನಿಂದಲೂ ಹೀಗೇ.”

“ಮೊದಲು ಅಂದರೆ… ಹತ್ತು ಹನ್ನೆರಡು ವರ್ಷದ ಹಿಂದೆ?”

“ಆಗಲೂ ಹೀಗೇ.”

“ತಾಯಿಗೆ ಹುಷಾರಿಲ್ಲ ಅಂದರೆ, ಹೋಗಿ ಬರಬಹುದಿತ್ತಾ?”

“ಖಂಡಿತ. ಯಾವ ಕಾರಣಕ್ಕಾದರೂ.”

ಅನುಭವಸ್ಥರು ಥ್ಯಾಂಕ್ಸ್ ಎಂದರು. ಏನೋ ನೆನಪಾದವರಂತೆ ಮತ್ತೊಮ್ಮೆ ಥ್ಯಾಂಕ್ಸ್ ಎಂದರು. ಗಾಡಿ ತರುತ್ತೇನೆಂದು ನಮಗಿಂತ ಮುಂಚೆ ಹೊರಗೆ ಹೋದರು. ಹಿಂತಿರುಗುವಾಗ ದಾರಿಯುದ್ದಕ್ಕೂ ಯಜಮಾನಿ ಒಬ್ಬಳೇ ಮಾತಾಡಿದಳು. ಮನೆ ತಲುಪಿದ ಮೇಲೆ ಭಾವ ಹೊಸ ಬೀಗಕ್ಕೊಂದು ನಕಲು ಮಾಡಿ ಆಕೆಗೆ ಕೊಟ್ಟರು. ಆಕೆ ಅದನ್ನು ಬಾಗಿಲಿಗೆ ಹಾಕಿ ಹಿಂದೆ ಮುಂದೆ ತಿರುಗಿಸಿ ನೋಡಿಯೇ ಕೆಳಗಿಳಿದಳು.

ಆ ಸಂಜೆ ಭಾವ ಸ್ಕ್ರೂಡ್ರೈವರ್ ಹಿಡಿದು ನನ್ನ ಮಂಚ ಬಿಚ್ಚುತ್ತ ಕೂತಿದ್ದರು. ತಲೆಯೆತ್ತದೆ, “ಎರಡು ಟಿಕೆಟ್ ತಗೋಳೇ,” ಎಂದರು.

“ನೀವೂ ಬರ್ತೀರಾ?”

“ಅಪ್ಪನ್ನ ನೋಡ್ಬೇಕು. ನನ್ನ ಮುಖ ನೋಡೋಕೆ ಅಂತ ಅವರ ಸರ್ವಿಸ್ಸೇ ಹೋಯ್ತು. ನಾನು ಅವರ ಮುಖ ನೋಡಿ ಎಷ್ಟು ಕಾಲ ಆಯ್ತು ಹೇಳು.” ಹೀಗೆಂದು ಮೂಗೇರಿಸಿ ಸ್ಕ್ರೂ ಹುಡುಕತೊಡಗಿದರು.

ಹೊರಡುವ ದಿನ ಅನುಭವಸ್ಥರೇ ಟ್ಯಾಕ್ಸಿ ತಂದರು. ವಿಮಾನ ನಿಲ್ದಾಣದ ಬಾಗಿಲಲ್ಲಿ ಸೂಟ್‌ಕೇಸ್ ಇಳಿಸಿಕೊಟ್ಟರು. ಭಾವ ಕಾರ್ಡಿರುವ ಜೇಬಿನ ಮೇಲೆ ಕೈಯಿಟ್ಟುಕೊಂಡು, ರಾಷ್ಟ್ರಗೀತೆಗೆ ನಿಂತವರ ಹಾಗೆ ನಿಂತಿದ್ದರು. “ಗ್ಯಾಸ್ ಆಫ್ ಮಾಡಿದ್ಯಾ? ಬೀಗ ಎಳೆದು ನೋಡಿದ್ಯಾ? ಅವರೇನಾದ್ರೂ ಬಂದ್ರೆ ಹೋಗಿ ಬರ್ತಾರೆ ಅಂತ ಹೇಳು, ಹೋಗಿದಾರೆ ಅನ್ನಬೇಡ ಮತ್ತೆ!” ಎಂದು ನನಗೆ ಹೇಳುತ್ತಲೇ ಒಳಗೆ ನುಗ್ಗಿದರು.

“ಹೋಗಿ ಬರ್ತೀವಿ ಅಣ್ಣ,” ಎಂದಳು ಅಕ್ಕ.

ಅನುಭವಸ್ಥರು ತಲೆಯಾಡಿಸಿದರು. “ನಾನೂ ಅಮ್ಮನಿಗೆ ಹಾಗೇ ಹೇಳಿ ಬಂದಿದ್ದೆ ತಂಗಿ,” ಎಂದರು. ಅಕ್ಕ ಅವರ ಕೈಯನ್ನು ಗಟ್ಟಿಯಾಗಿ ಹಿಡಿದು, ಬಿಟ್ಟು, ಭಾವನ ಹಿಂದೆ ಓಡಿದಳು.

ನಾವಿಬ್ಬರೂ ಟ್ಯಾಕ್ಸಿಯಲ್ಲಿ ಕೂತೆವು. ಅವರು ಗಾಡಿ ಶುರು ಮಾಡಲಿಲ್ಲ.

“ಏ ಹಂಗಾಮಿ,” ಎಂದರು. ನನ್ನನ್ನು ಅವರು ಕರೆಯುವುದೇ ಹಾಗೆ. “ಕಾರ್ಡು ಬರಲಿ ಅಂತ ಕಾಯ್ತಾ ಕೂರಬೇಡ.”

ನಾನು ಅವರ ಮುಖ ನೋಡಿದೆ. ‘ನನ್ನ ಅನುಭವದಲ್ಲಿ’ ಎನ್ನದೆ ಅವರು ಕೊಟ್ಟ ಮೊದಲ ಸಲಹೆ ಅದು.

ಅಮ್ಮನಿಗೆ ಫೋನ್ ಮಾಡಿದೆ. ಮೊದಲ ರಿಂಗಿಗೇ ಎತ್ತಿಕೊಂಡಳು. “ಏನಾಯ್ತೋ? ವಿಮಾನ ತಪ್ಪೋಯ್ತಾ? ನಿಮ್ಮ ಭಾವ ಮತ್ತೆ ಏನಾದ್ರೂ ಓದಿದ್ರಾ?”

“ಇಲ್ಲಮ್ಮ, ಹೊರಟ್ರು. ಇಬ್ಬರೂ ಹೊರಟ್ರು.”

“ಅಬ್ಬ!” ಎಂದಳು. ಆಮೇಲೆ, “ನೀನ್ಯಾವಾಗ ಬರ್ತೀಯ?” ಎಂದು ಕೇಳಿದಳು.

ಅನುಭವಸ್ಥರು ಸ್ಟಿಯರಿಂಗ್ ಮೇಲೆ ಎರಡೂ ಕೈಯಿಟ್ಟುಕೊಂಡು ನನ್ನ ಉತ್ತರಕ್ಕೆ ಕಾಯುತ್ತ ಕೂತಿದ್ದರು.